ಗದ್ದಲ ಮಾಡೋ ವೈರಸ್ಸು, ಸುಮ್ಮನ ಕೂಡೋ ವೈರಸ್ಸು

ನಮ್ಮ ಚಿಗವ್ವ ಗಂಗಾವತಿ ಹತ್ರದ ಹಳ್ಳಿಯಾಕಿ. 2009ರಾಗ ಕಾಕಾ ತೀರಿಕೊಂಡ ಮ್ಯಾಲೆ ಟೆಸ್ಟ್ ಮಾಡಿಸಿದ್ವಿ, ಆಕಿಗೂ ಎಚ್‌ಐವಿ ಐತಿ ಅಂತ ಗೊತ್ತಾತು. ಮೊನ್ನೆ ಕೊಪ್ಪಳಕ್ಕ ಬಂದಾಗ ಚೀಲದಾಗಿಂದ ಹಳೇ ರಿಪೋರ್ಟ್ ಎಲ್ಲಾ ಹೊರಗ ತಗದು, ಸಿಡಿ4 (ರೋಗದ ಜೋಡಿ ಹೊಡೆದಾಡೋ ಒಂದು ಥರದ ಬಿಳಿ ರಕ್ತಕಣದ ಎಣಿಕೆ) ಅಂತ ಬರದಿದ್ದ ಕಡೆ ಬೆರಳಿಟ್ಟು "ತಮ್ಮಾ, ಆ ಹುಳ ಇದನ್ನ ತಿಂತೈತೇನು, ಯಾಕ ಕಮ್ಮಿ ಆಗ್ತಾವ ಇವು" ಅಂತ ಕೇಳಿದ್ಲು. ನಾ ಎಮ್ಮೆಸ್ಸಿ ಮೈಕ್ರೋಬಯಾಲಜಿ ಓದಿದಾವ, ಆದ್ರೂ ಆಕಿಗೆ ತಿಳಿಯೋ ಹಂಗ ಹೇಳಾಕ ಭಾಳ ಹೊತ್ತು ಹಿಡೀತು.

ಓದುವಾಗ ನಮ್ಮ ಸರ್ ಕಲ್ಚರ್ (ಲ್ಯಾಬ್‌ನಾಗ ಬೆಳಸಿದ ಸೆಲ್) ಫೋಟೋ ತೋರ್ಸಿದ್ರು, ಇನ್ನೂ ಕಣ್ಣಾಗ ಐತಿ. ಮೊದಲನೇ ದಿನ ಟಿ ಸೆಲ್, ಅಂದ್ರ ಆ ಬಿಳಿ ರಕ್ತಕಣ, ಎಲ್ಲಾ ನೆನೆಸಿದ ಸಾಬೂದಾಣಿ ಹಂಗ ದುಂಡಗ, ಬ್ಯಾರೆ ಬ್ಯಾರೆ. ವೈರಸ್ ಹಾಕಿ ನಾಕೈದು ದಿನಕ್ಕ ನೋಡಿದ್ರ ನಡು ನಡು ದೊಡ್ಡ ದೊಡ್ಡ ಗುಳ್ಳಿ, ಒಂದೊಂದರಾಗೂ ಹತ್ತಾರು ಸೆಲ್ ಕೂಡಿ ಒಂದಾಗಿರ್ತಾವ. ಸಿನ್ಸಿಟಿಯಂ ಅಂತಾರ ಇದಕ್ಕ. ಸೋಂಕಾದ ಸೆಲ್ ತನ್ನ ಮೈಮ್ಯಾಲೆ ವೈರಸ್ಸಿನ ಜಿಪಿ120 ಪ್ರೋಟೀನ್ ಹೊತ್ತು ನಿಂತಿರ್ತೈತಿ, ಅದು ಬಾಜೂ ಸೆಲ್ಲಿನ ಮೈಮ್ಯಾಲಿನ ಸಿಡಿ4 ಅನ್ನೋ ಪ್ರೋಟೀನ್ ಹಿಡಕೊಂತೈತಿ, ಅದರ ಜೋಡಿ ಇರೋ ಜಿಪಿ41 ಎರಡರ ಪೊರೆನೂ ಕೂಡಿಸಿಬಿಡ್ತೈತಿ. ಚಿಗವ್ವಗ ನಾ ಹೇಳಿದ್ದು, ಕಾದ ಎಣ್ಣಿಗೆ ಮಿರ್ಚಿ ಒತ್ತೊತ್ತಿ ಬಿಟ್ರ ಹಿಟ್ಟಿಗೆ ಹಿಟ್ಟು ಹತ್ಕೊಂಡು ಒಂದ ಮುದ್ದಿ ಆಗ್ತೈತಲ್ಲ ಹಂಗ ಅಂತ. ಆ ಮುದ್ದಿ ಭಾಳ ಹೊತ್ತು ಬದುಕಂಗಿಲ್ಲ, ಒಡದು ಹೋಗ್ತೈತಿ.

ಆದ್ರ ಈ ವೈರಸ್ಸಿನ ಎಲ್ಲಾ ಸ್ಟ್ರೇನ್ (ತಳಿ) ಹಿಂಗ ಮಾಡಂಗಿಲ್ಲ. 1980ರ ದಶಕದಾಗ ರೋಗಿಗಳಿಂದ ತಗದ ವೈರಸ್ ಬೆಳಸಿದವರಿಗೆ ಎರಡು ಥರ ಕಂಡ್ವು, ಕೆಲವು ಜಲ್ದಿ ಬೆಳದು ಮುದ್ದಿ ಕಟ್ಟತಾವ, ಕೆಲವು ನಿಧಾನ ಬೆಳೀತಾವ, ಮುದ್ದಿನೂ ಇಲ್ಲ ಏನೂ ಇಲ್ಲ. ಕಾರಣ ಗೊತ್ತಾಗಿದ್ದು 1996ರಾಗ. ಸೆಲ್ ಒಳಗ ಹೋಗಾಕ ಸಿಡಿ4 ಒಂದ ಸಾಲಂಗಿಲ್ಲ, ಇನ್ನೊಂದು ಬಾಗಿಲು ಬೇಕು. ಮುದ್ದಿ ಕಟ್ಟೋವು ಹೆಚ್ಚಾಗಿ ಸಿಎಕ್ಸ್‌ಸಿಆರ್4 ಬಾಗಿಲಿನಿಂದ ಹೋಗ್ತಾವ, ಸುಮ್ಮನ ಇರೋವು ಸಿಸಿಆರ್5 ಬಾಗಿಲಿನಿಂದ. ಆಗ ಟೆಸ್ಟಿಗೆ ಬಳಸ್ತಿದ್ದ ಎಂಟಿ-2 ಅನ್ನೋ ಸೆಲ್ಲಿನ ಮ್ಯಾಲೆ ಸಿಸಿಆರ್5 ಇಲ್ಲ ಅಂದಂಗ, ಹಂಗಾಗಿ ಸುಮ್ಮನ ಇರೋ ವೈರಸ್ ಅದರಾಗ ಬೆಳೀತಿರಲಿಲ್ಲ. ನಮ್ಮ ದೇಶದಾಗ ಇರೋದು ಹೆಚ್ಚಿಗಿ ಎಚ್‌ಐವಿಯ ಸಬ್‌ಟೈಪ್ ಸಿ ಅನ್ನೋ ಒಳಬಗೆ, ಅದು ಬಹುತೇಕ ಕೊನೀತನಕ ಸಿಸಿಆರ್5 ಬಾಗಿಲನ್ನ ಹಿಡಕೊಂಡಿರ್ತೈತಿ.

"ಸುಮ್ಮನ ಇರ್ತೈತಂದ್ರ ಛಲೋನ ಅಲ್ಲೇನು" ಅಂದ್ಲು. ಅಲ್ಲ ಚಿಗವ್ವ, ಅದನ್ನ ಹೇಳಾಕ ನನಗ ಸಂಕಟ. ಮುದ್ದಿ ಕಟ್ಟದಿದ್ರೂ ಸೆಲ್ ಸಾಯ್ತಾವ, ಅದರಾಗೂ ಕರುಳಿನ ಗೋಡೆಯಾಗ ಇರೋ ಸಿಡಿ4 ಸೆಲ್ಲು ಸೋಂಕಾದ ಮೊದಲ ವಾರಗಳಾಗ ರಾಶಿ ರಾಶಿ ಹೋಗಿಬಿಡ್ತಾವ. ಅಮೆರಿಕದ ವಾರ್ನರ್ ಗ್ರೀನ್ ಅವರ ತಂಡ ಟಾನ್ಸಿಲ್ ತುಣುಕು ಕಲ್ಚರ್‌ನಾಗ ಇಟ್ಟು ನೋಡಿ 2014ರಾಗ ಬರೆದದ್ದು ಓದಿ ನಾ ರಾತ್ರಿ ಮಲಗಿಲ್ಲ. ಸತ್ತ ಸೆಲ್‌ಗಳಾಗ ನೂರಕ್ಕ 95ಕ್ಕಿಂತ ಹೆಚ್ಚು, ವೈರಸ್ ಬೆಳೆಯಾಕ ಬಿಟ್ಟವೇ ಅಲ್ಲ! ವೈರಸ್ ಒಳಗ ಹೊಕ್ಕು ಅದರ ಡಿಎನ್‌ಎ ಅರ್ಧಕ್ಕ ನಿಂತಿರ್ತೈತಿ, ಆ ಅರ್ಧ ತುಂಡನ್ನ ಸೆಲ್ಲು ಗುರುತು ಹಿಡದು ಕ್ಯಾಸ್ಪೇಸ್-1 ಅನ್ನೋ ಎಂಜೈಮ್ ಎಬ್ಬಿಸಿ ತಾನ ಒಡಕೊಂಡು ಸಾಯ್ತೈತಿ, ಪೈರೋಪ್ಟೋಸಿಸ್ ಅಂತ ಹೆಸರು. ಒಡದಾಗ ಹೊರಗ ಚೆಲ್ಲೋ ರಸಕ್ಕ ಉರಿಯೂತ ಆಗಿ ಮತ್ತಷ್ಟು ಸಿಡಿ4 ಸೆಲ್ ಅಲ್ಲಿಗೇ ಓಡಿ ಬರ್ತಾವ, ಬಂದವೂ ಹಂಗ ಸಾಯ್ತಾವ. ಹೆಣ ನೋಡಾಕ ಬಂದವರೂ ಸತ್ತಂಗ.

ಆಕಿ ರಿಪೋರ್ಟ್ ಒಂದರ ಪಕ್ಕ ಒಂದು ಹಾಸಿದ್ಲು. 2009ರಾಗ 590, 2017ಕ್ಕ 380. ಆವಾಗ ಸಿಡಿ4 ಇನ್ನೂ ಇಳಿದ ಮ್ಯಾಲೆ ಗುಳಗಿ ಅನ್ನೋ ನಿಯಮ ಇತ್ತು, ಎಷ್ಟ ಇದ್ರೂ ಎಲ್ಲಾರಿಗೂ ಎಆರ್‌ಟಿ (ಎಚ್‌ಐವಿ ತಡಿಯೋ ಗುಳಗಿ) ಅಂತ ಬಂದದ್ದು 2017ರಾಗ. ಆ ವರ್ಷಗಳಾಗ ಆಕಿ ಭತ್ತದ ನಾಟಿಗೆ ಹೋಗ್ತಿದ್ಲು, ಒಂದಿನ ಜ್ವರ ಅಂತ ಮಲಗಿದಾಕಿ ಅಲ್ಲ.

"ಹಂಗಾದ್ರ ನಾ ಆರಾಮ ಇದೀನಿ ಅಂತ ತಿರಗ್ತಿದ್ದಾಗ ಒಳಗ ದಿನಾ ಸಾಯಾಕತ್ತಿದ್ವು" ಅಂದ್ಲು. ಹೂಂ ಅಂದೆ. ಹೋದ ವರ್ಷದ್ದು 640 ಐತಿ, ಆ ಹಾಳೀನ ಮ್ಯಾಲೆ ಇಟ್ಟು ಎಲ್ಲಾನೂ ಮಡಚಿ ಚೀಲದಾಗ ಇಟ್ಕೊಂಡ್ಲು.