ಸೋಮವಾರ, ಗುರುವಾರದ ಗೈರು

ಹಾವೇರಿ ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ನನ್ನದು. ಒಂದರಿಂದ ಐದನೇ ಇಯತ್ತೆ, 42 ಮಕ್ಕಳು, ಇಬ್ಬರು ಟೀಚರು. ಹಾಜರಿ ಕಡಿಮೆಯಾದರೂ, ಬಿಸಿಯೂಟದ ಗ್ಯಾಸ್ ಮುಗಿದರೂ ಉತ್ತರ ಕೊಡಬೇಕಾದವಳು ನಾನೇ. ಬ್ಯಾಡಗಿ ಪೇಟೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಜನವರಿ ದಾಟಿತೆಂದರೆ ಊರಿಗೆ ಊರೇ ಮೆಣಸಿನಕಾಯಿ ಘಾಟು. ಮೊದಲ ವರ್ಷ ನಾನು ಸೀನುತ್ತಲೇ ಮಗ್ಗಿ ಹೇಳಿಕೊಟ್ಟೆ. ಮಕ್ಕಳಿಗೆ ಅದೊಂದು ತಮಾಷೆ. ಎಂಟೆಂಟ್ಲೆ ಅಂದಕೂಡಲೇ ಅವರೂ ಸುಳ್ಳು ಸೀನು ಸೀನುತ್ತಿದ್ದರು.

ಆಗ ನನ್ನ ದೊಡ್ಡ ದೂರು ಒಂದೇ. ತಾಯಿ-ತಂದೆ ಶಾಲೆ ಕಡೆ ಹಾಯುವುದೇ ಇಲ್ಲ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ನೋಡುವ ಸಮಿತಿ, 2001ರಿಂದ ಇದೆ. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ನಮ್ಮಲ್ಲೂ ಇದ್ದರು. ಗೋಡೆಯ ಬೋರ್ಡಿನ ಮೇಲೆ. ಸಭೆ ಅಂದರೆ ಬೆಳಿಗ್ಗೆ 11ಕ್ಕೆ ಮೂರು ಮತ್ತೊಂದು ಜನ, ಚಹಾ, ಆಮೇಲೆ ರಿಜಿಸ್ಟರು ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುವುದು. ಹೆಂಡತಿಯ ಹೆಸರಿನ ಮುಂದೆ ಗಂಡನ ಸಹಿ ಬಿದ್ದಿದ್ದೂ ಉಂಟು. ನಾನೂ ಸುಮ್ನೆ ಇದ್ದೆ. ದಾಖಲೆ ಸರಿ ಇತ್ತಲ್ಲ.

2024ರ ಜನವರಿ ಕೊನೆಗೆ ಒಂದು ತಪ್ಪು ಮಾಡಿದೆ. ಐದನೇ ಇಯತ್ತೆಯ ಒಬ್ಬ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು, ವಾರಕ್ಕೆ ಎರಡು ದಿನ ತಪ್ಪಿಸುತ್ತಿದ್ದಳು. ತಾಯಿಗೆ ಹೇಳಿ ಕಳಿಸಿದೆ. ಬಂದರು. ನಾಲ್ಕು ಜನ ಕುಳಿತಿದ್ದರು, ಅವರ ಮುಂದೆಯೇ "ಜಾಣ ಹುಡುಗಿ, ನೀವೇ ಹಾಳು ಮಾಡ್ತಿದ್ದೀರಿ" ಅಂದುಬಿಟ್ಟೆ. ಮಗಳ ನೋಟ್‌ಬುಕ್ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. ಎರಡೂ ಕೈ ಸೆರಗಿನೊಳಗೆ. ಹುಡುಗಿಯೇ ಹಾಳೆ ತಿರುವಿ ತೋರಿಸಿದಳು. ಅವರು ನೋಡಿದರು, ತಲೆ ಆಡಿಸಿದರು, ಹೋದರು. ಎಷ್ಟು ಅಸಡ್ಡೆ ಅಂದುಕೊಂಡೆ ನಾನು. ಮುಂದಿನ ಎರಡು ವಾರ ದಾರಿಯಲ್ಲಿ ಕಂಡರೂ ಅವರು ಮುಖ ತಿರುಗಿಸಿ ನಡೆದರು.

ನಮ್ಮ ಬಿಸಿಯೂಟದ ಅಕ್ಕ ಒಂದು ದಿನ ಬೇಳೆ ಆರಿಸುತ್ತಾ ಕುಳಿತಿದ್ದರು. ಅವರ ಹತ್ತಿರ ನನ್ನ ಹಳೇ ಗೋಳು ತೋಡಿಕೊಂಡೆ, ಸಭೆಗೆ ಯಾರೂ ಬರುವುದಿಲ್ಲ ಅಂತ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ನೀವು ಇಳಿಯೋ ಬಸ್ಸಿಗೇ ಅವ್ರು ಹತ್ತತಾರಲ್ರೀ ಅಕ್ಕೋರೆ. ಸಭಾಕ್ಕ ಯಾರು ಬರ್ಬೇಕು?"

ನಿಜ. ನಾನು ಹಾವೇರಿಯಿಂದ ಬರುವ ಬಸ್ಸು ಮುಂದೆ ಬ್ಯಾಡಗಿಗೆ ಹೋಗುತ್ತದೆ. ಒಂಬತ್ತಕ್ಕೆ ನಾನು ಇಳಿಯುವಾಗ ಕೆಳಗೆ ಬುತ್ತಿ ಗಂಟು ಹಿಡಿದ ಹೆಂಗಸರ ಗುಂಪು. 2023ರ ಜೂನ್‌ನಲ್ಲಿ ಟಿಕೆಟ್ ಫ್ರೀ ಆದಮೇಲಂತೂ ಇಳಿಯುವುದೇ ಒಂದು ಸಾಹಸ. ದಿನಾ ನಮಸ್ಕಾರ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಎರಡು ವರ್ಷ. ಎಲ್ಲಿಗೆ ಅಂತ ಒಮ್ಮೆಯೂ ಕೇಳಲಿಲ್ಲ.

ಅವರು ಹೋಗುವುದು ಮೆಣಸಿನಕಾಯಿ ತುಂಬು ಬಿಡಿಸಲು, ಅಂದರೆ ತೊಟ್ಟು ತೆಗೆಯಲು. ಅಂಗಡಿಯ ಅಂಗಳದಲ್ಲಿ ಕೆಂಪು ರಾಶಿ ಮುಂದಿಟ್ಟುಕೊಂಡು ದಿನವಿಡೀ ಅದೇ ಕೆಲಸ. ಬರಿಗೈ. ಸಂಜೆಗೆ ಬೆರಳೆಲ್ಲಾ ಉರಿ. ಸೋಪು ಹಚ್ಚಿದರೂ ಹೋಗದು. ಆ ಕೈಯಲ್ಲಿ ಕಣ್ಣು ಮುಟ್ಟುವಂತಿಲ್ಲ, ಎಳೆ ಕೂಸಿನ ಗಲ್ಲ ಹಿಡಿಯುವಂತಿಲ್ಲ. ಮಗಳ ನೋಟ್‌ಬುಕ್ಕಿನದೂ ಅದೇ ಕಥೆ. ಖಾರ ಹಾಳೆಗೆ ಹತ್ತುತ್ತದೆ, ಹಾಳೆಯಿಂದ ಹುಡುಗಿಯ ಬೆರಳಿಗೆ, ಬೆರಳಿನಿಂದ ಕಣ್ಣಿಗೆ. ಸೆರಗಿನೊಳಗೆ ಕೈ ಯಾಕಿತ್ತು ಅಂತ ನನಗೆ ಆಗ ಹೊಳೆಯಿತು. ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ.

ಅಂದು ಹಾಜರಿ ಪುಸ್ತಕ ಬಿಚ್ಚಿ ನೋಡಿದೆ. ಆ ಹುಡುಗಿಯದಷ್ಟೇ ಅಲ್ಲ, ಇನ್ನೂ ಐದು ಮಕ್ಕಳದ್ದು. ಡಿಸೆಂಬರ್ ತನಕ ಸರಿ ಇದೆ. ಜನವರಿಯಿಂದ ಸೋಮವಾರ, ಗುರುವಾರದ ಚೌಕಗಳಲ್ಲಿ ಗೈರು, ಗೈರು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಗೆ ರೇಟು ಕೂಗುವ ಟೆಂಡರ್ ದಿನ ಸೋಮವಾರ ಮತ್ತು ಗುರುವಾರ. ಆ ಎರಡು ದಿನ ಕೆಲಸ ಜಾಸ್ತಿ, ಮನೆಯ ಅಜ್ಜಿಯೂ ಹೋಗುತ್ತಾಳೆ. ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳಲು ಉಳಿಯುವುದು ಹತ್ತು ವರ್ಷದ ಅಕ್ಕ. ಅಂಗನವಾಡಿಗೆ ಬಿಡಲು ಕೂಸಿಗೆ ಮೂರು ತುಂಬಿರಬೇಕು. ಎಳೆ ಕೂಸುಗಳನ್ನು ನೋಡಿಕೊಳ್ಳಲು ಸರ್ಕಾರದ ಕೂಸಿನ ಮನೆ ಅಂತ ಒಂದಿದೆ, ನಮ್ಮ ಊರಲ್ಲಿಲ್ಲ. ನನ್ನ ಕೈಯಾರೆ ತುಂಬಿದ ಪುಸ್ತಕ ಅದು. ತಿಂಗಳ ಕೊನೆಗೆ ಅಡ್ಡಸಾಲು ಕೂಡಿ ಶೇಕಡಾವಾರು ತೆಗೆಯುತ್ತಿದ್ದೆ. ಕಂಬಸಾಲು ಒಮ್ಮೆಯೂ ಓದಿರಲಿಲ್ಲ.

ತಾಯಿಯ ಮನೆಗೆ ಹೋದೆ, ರಾತ್ರಿ ಎಂಟಕ್ಕೆ. ತಪ್ಪಾಯ್ತು ಅಂದೆ. "ಅಯ್ಯ, ಬಿಡ್ರಿ" ಅಂದರು. ಅಷ್ಟೇ. ಚಹಾ ಮಾತ್ರ ಹುಡುಗಿಯ ಕೈಲಿ ಮಾಡಿಸಿದರು.

ಆ ತಿಂಗಳ ಸಭೆ ಬುಧವಾರ ರಾತ್ರಿ ಏಳೂವರೆಗೆ ಬಸವಣ್ಣನ ಗುಡಿ ಕಟ್ಟೆಯ ಮೇಲೆ. ಚುನಮುರಿ, ಶೇಂಗಾ, ಚಹಾ. ಎಷ್ಟು ಜನ ಬಂದರೆಂದರೆ ಶಾಲೆಯ ಜಮಖಾನೆ ಸಾಲಲಿಲ್ಲ. ನಾನು ಗುಣಮಟ್ಟ, ಕಲಿಕಾ ಫಲ ಅಂತ ಏನೇನೋ ಬರೆದುಕೊಂಡು ಹೋಗಿದ್ದೆ. ಅವರ ಪ್ರಶ್ನೆಗಳೇ ಬೇರೆ. ಸುಗ್ಗಿ ಜೋರಿದ್ದಾಗಲೇ ಪರೀಕ್ಷೆ ಯಾಕ್ರೀ? ಹೋಂವರ್ಕ್ ಮೊಬೈಲಿಗೆ ಕಳಿಸ್ತೀರಿ, ಮೊಬೈಲ್ ಇರೋದು ಅವರ ಅಪ್ಪನ ಕಿಸೆಯಾಗ, ಅವ್ರು ಗೋವಾದಾಗ, ಹೆಂಗ ಮಾಡೋಣ? ಒಂದಕ್ಕೂ ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ. ಹೋಂವರ್ಕ್ ಮಾತ್ರ ಮರುದಿನದಿಂದಲೇ ಬೋರ್ಡಿನ ಮೇಲೆ ಬರೆಯತೊಡಗಿದೆ. ಕೂಸುಗಳ ಮಾತು ನಾನು ಎತ್ತುವ ಮೊದಲೇ ಅವರೇ ಎತ್ತಿದರು. ಗುಡಿ ಪಕ್ಕದ ಮನೆಯ ಅಜ್ಜಿ "ಸೋಮಾರ ನಾ ನೋಡ್ಕೋತೀನಿ, ಗುರುವಾರ ನನಗೂ ಹೊಲ ಐತಿ" ಅಂದರು. ಪಡಸಾಲೆಯಲ್ಲಿ ನಾಲ್ಕು ಕೂಸು, ಎರಡು ತೊಟ್ಟಿಲು. ಮನೆಗೊಂದು ಸೇರು ಜೋಳ ಅಂತ ಮಾತಾಯಿತು. ಸಭೆಯ ನಡಾವಳಿಯಲ್ಲಿ ಇದನ್ನು ಹೇಗೆ ಬರೆಯುವುದು ಅಂತ ನನಗೆ ತಿಳಿಯಲಿಲ್ಲ. ಹಾಗೇ ಬರೆದೆ.

ಮುಂದಿನ ತಿಂಗಳು, ಶಿವರಾತ್ರಿ ಮುಗಿದ ಮೊದಲ ಸೋಮವಾರ, ಮಾರ್ಚ್ 11. ಮಧ್ಯಾಹ್ನದ ಮೇಲೆ ಫೋನುಗಳು ಬರತೊಡಗಿದವು. ರೇಟು ಬಿದ್ದಿದೆ, ರೈತರು ಸಿಟ್ಟಿಗೆದ್ದಿದ್ದಾರೆ, ಮಾರ್ಕೆಟ್ಟಿನಲ್ಲಿ ವಾಹನಕ್ಕೆ ಬೆಂಕಿ ಬಿದ್ದಿದೆ. ನಮ್ಮ ಮಕ್ಕಳ ತಾಯಂದಿರು ಅಲ್ಲೇ ಇದ್ದರು. ಶಾಲೆ ಬಿಡುವ ಹೊತ್ತಾದರೂ ಮಕ್ಕಳು ಹೊರಡಲಿಲ್ಲ, ನಾನೂ ಕಳಿಸಲಿಲ್ಲ. ಅಡುಗೆ ಅಕ್ಕ ಮತ್ತೆ ಒಲೆ ಹಚ್ಚಿ ಉಪ್ಪಿಟ್ಟು ತಿರುವಿದರು. ಗುಡಿ ಅಜ್ಜಿ ನಾಲ್ಕೂ ಕೂಸುಗಳನ್ನು ಕರೆದುಕೊಂಡು ಶಾಲೆಗೇ ಬಂದರು. ವರಾಂಡದಲ್ಲಿ ಒಂದೇ ಬಲ್ಬು. ಮಗ್ಗಿ ಹೇಳಿಸಿದೆ. ಯಾರೂ ಸುಳ್ಳು ಸೀನು ಸೀನಲಿಲ್ಲ. ಕತ್ತಲಾದಮೇಲೆ ತಾಯಂದಿರು ಒಬ್ಬೊಬ್ಬರಾಗಿ ಬಂದರು, ಯಾರಿಗೂ ಏನೂ ಆಗಿರಲಿಲ್ಲ. ಆ ಹುಡುಗಿಯ ತಾಯಿ ಗೇಟಿನಲ್ಲೇ ನಿಂತು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿದರು. ಹುಡುಗಿ ಓಡಿಹೋಗಿ ಅವರ ಕೊರಳಿಗೆ ಜೋತುಬಿದ್ದಳು. ತಮ್ಮನನ್ನು ಮನೆತನಕ ನಾನೇ ಎತ್ತಿಕೊಂಡು ನಡೆದೆ.

ಈಗ ಸಭೆಯ ದಿನ ಗೊತ್ತು ಮಾಡುವವಳು ನಾನಲ್ಲ, ಅಡುಗೆ ಅಕ್ಕ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬಂದು ಹೇಳುತ್ತಾರೆ. ಸೋಮವಾರದ ಸಾಲು ಪೂರ್ತಿ ತುಂಬುತ್ತದೆ. ಗುರುವಾರದ್ದರಲ್ಲಿ ಈ ಸುಗ್ಗಿಗೂ ಇಬ್ಬರ ಮುಂದೆ ಗೈರು ಇದೆ. ಅಜ್ಜಿಗೆ ಹೊಲ ಐತಲ್ಲ.