‘ಕೊನೆಗೆ ಅವನೇ ತಾನೆ ಗೆಲ್ಲೋದು?’

ಬಾಕ್ಸಿಂಗ್ ಸಿನಿಮಾ ಅಂದರೆ ಇಷ್ಟ ಅಂತ ಬಾಯಿಬಿಟ್ಟರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: ‘ಎಲ್ಲಾ ಒಂದೇ ಕಥೆ ಅಲ್ವಾ? ಕೊನೆಗೆ ಅವನೇ ತಾನೆ ಗೆಲ್ಲೋದು? ಅದನ್ನ ನೋಡೋಕೆ ದುಡ್ಡು ಕೊಟ್ಟು ಥಿಯೇಟರಿಗೆ ಹೋಗಬೇಕಾ?’ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲ ಮಾತು, ಅವನು ಗೆಲ್ಲುವುದಿಲ್ಲ. ‘ರಾಕಿ’ (1976) ನೋಡಿದ್ದೇವೆ ಅನ್ನುವವರಲ್ಲೇ ಎಷ್ಟೋ ಜನ ರಾಕಿ ಗೆದ್ದ ಅಂದುಕೊಂಡಿದ್ದಾರೆ. ರಾಕಿ ಸೋತ. ಮೂವರು ತೀರ್ಪುಗಾರರಲ್ಲಿ ಇಬ್ಬರು ಅವನ ಎದುರಾಳಿ, ಚಾಂಪಿಯನ್ ಅಪೊಲೊ ಕ್ರೀಡ್ ಪರ ನಿಂತರು. 2015ರ ‘ಕ್ರೀಡ್’ನಲ್ಲಿ ಅದೇ ಅಪೊಲೊನ ಮಗ ಸೋಲುವುದೂ ಹೀಗೇ. ‘ರಾಕಿ’ಯ ಕೊನೆಯನ್ನು ಇನ್ನೊಮ್ಮೆ ನೋಡಿ. ಫಲಿತಾಂಶವನ್ನು ಮೈಕಿನಲ್ಲಿ ಹೇಳುತ್ತಿದ್ದಾರೆ, ಅದು ಗಲಾಟೆಯಲ್ಲಿ ಮುಳುಗಿಹೋಗುತ್ತದೆ. ಕ್ಯಾಮೆರಾಗೆ ಮುಖ್ಯ ಅದಲ್ಲ. ಊದಿದ ಕಣ್ಣಿನಲ್ಲಿ ರಾಕಿ ತನ್ನ ಪ್ರೇಯಸಿ ಆಡ್ರಿಯನ್‌ಳ ಹೆಸರು ಕೂಗುತ್ತಿದ್ದಾನೆ, ಅವಳು ಜನರನ್ನು ತಳ್ಳಿಕೊಂಡು ಬರುತ್ತಿದ್ದಾಳೆ. ಯಾರು ಗೆದ್ದರು ಅನ್ನುವುದನ್ನು ನಿರ್ದೇಶಕನೇ ಹಿನ್ನೆಲೆಯ ಸದ್ದು ಮಾಡಿಟ್ಟಿದ್ದಾನೆ. ನೀವು ಅದನ್ನೇ ಹಿಡಿದು ಕೂತಿದ್ದೀರಿ.

ನನಗೆ ಸಿಟ್ಟು ಬರುವುದು ಆ ‘ಕೊನೆಗೆ’ ಅನ್ನುವ ಪದಕ್ಕೆ. ಕೇಳಬೇಕಾದದ್ದು ಬೇರೆ: ಇವನಿಗೆ ಎಷ್ಟು ಸಿಕ್ಕರೆ ಸಾಕು? ಪಂದ್ಯದ ಹಿಂದಿನ ರಾತ್ರಿ ರಾಕಿ ಖಾಲಿ ಕ್ರೀಡಾಂಗಣ ನೋಡಿಕೊಂಡು ಮನೆಗೆ ಬಂದು, ತನ್ನಿಂದ ಗೆಲ್ಲುವುದಕ್ಕಾಗಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ಅವನು ಕೇಳುವುದು ಇಷ್ಟೇ, ಹದಿನೈದನೇ ಸುತ್ತಿನ ಗಂಟೆ ಹೊಡೆದಾಗ ತಾನು ನಿಂತಿರಬೇಕು. ಈ ಹದಿನೈದರ ತೂಕ ಇವತ್ತಿನ ಪ್ರೇಕ್ಷಕರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಸುತ್ತಿಗೆ 3 ನಿಮಿಷ, ನಡುವೆ 1 ನಿಮಿಷ ವಿರಾಮ, ಒಟ್ಟು 59 ನಿಮಿಷ. 1982ರ ನವೆಂಬರ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದು, ಆಮೇಲೆ ತೀರಿಕೊಂಡ. ವಿಶ್ವ ಬಾಕ್ಸಿಂಗ್ ಕೌನ್ಸಿಲ್ ತನ್ನ ಪ್ರಶಸ್ತಿ ಪಂದ್ಯಗಳನ್ನು 12 ಸುತ್ತಿಗೆ ಇಳಿಸಿದ್ದು ಆ ಸಾವಿನ ನಂತರ. ಉಳಿದ ಸಂಸ್ಥೆಗಳೂ ಕ್ರಮೇಣ ಅದೇ ದಾರಿ ಹಿಡಿದವು. ರಾಕಿ ಬೇಡುತ್ತಿದ್ದದ್ದು ಜೀವಕ್ಕೇ ಎರವಾಗಬಹುದಾದ ಒಂದು ಗಂಟೆಯನ್ನು.

ಹಾಗಾಗಿಯೇ ಹದಿನಾಲ್ಕನೇ ಸುತ್ತು ಮುಖ್ಯ. ರಾಕಿ ನೆಲಕ್ಕೆ ಬೀಳುತ್ತಾನೆ. ತರಬೇತಿ ಕೊಟ್ಟ ಮುದುಕ ಮಿಕಿಯೇ ‘ಏಳಬೇಡ’ ಅನ್ನುತ್ತಾನೆ. ಅಪೊಲೊ ಮೂಲೆಯಲ್ಲಿ ಎರಡೂ ಕೈ ಎತ್ತಿ ನಿಂತಿದ್ದಾನೆ. ರಾಕಿ ಹಗ್ಗ ಹಿಡಿದು ಏಳುತ್ತಾನೆ, ಅದನ್ನು ಕಂಡ ಅಪೊಲೊನ ಕೈ ತಾನಾಗಿ ಕೆಳಗಿಳಿಯುತ್ತದೆ. ಒಂದೇ ಒಂದು ಮಾತಿಲ್ಲ. ಹಿಂದಿನ ರಾತ್ರಿ ರಾಕಿ ಆಡಿದ ಮಾತಿಗೆ ಈಗ ಮೈ ಬಂತು.

ಕೆಟ್ಟ ಸಿನಿಮಾಗಳು ಎಡವುವುದು ಇಲ್ಲೇ. ತಂದೆಯ ಸಾವು, ಸಾಲ, ಊರವರ ಮುಂದೆ ಆದ ಅವಮಾನ ಹೀಗೆ ಏನೋ ಒಂದು ಕಾರಣವನ್ನು ಪಾತ್ರಕ್ಕೆ ಅಂಟಿಸುತ್ತಾರೆ. ಆಮೇಲೆ ರೆಫರಿ ಹತ್ತು ಎಣಿಸುವಷ್ಟರಲ್ಲಿ ಒಂದು ನಿಮಿಷದ ಫ್ಲ್ಯಾಶ್‌ಬ್ಯಾಕ್, ಎದ್ದವನಿಗೆ ಎಲ್ಲಿಲ್ಲದ ಶಕ್ತಿ. ಪರೀಕ್ಷೆ ಮಾಡುವುದು ಸುಲಭ: ಆ ಕಾರಣ ತೆಗೆದು ಬೇರೊಂದನ್ನು ಇಡಿ. ಹೊಡೆದಾಟ ಸ್ವಲ್ಪವೂ ಬದಲಾಗದಿದ್ದರೆ ಕಾರಣ ಬರೀ ಸ್ಟಿಕ್ಕರ್. ಮನೆಯ ಬಾಡಿಗೆ ಕಟ್ಟಲು ಆಡುವವನು ಮುಂದಿನ ತಿಂಗಳೂ ಆಡಬೇಕು. ಅವನು ಗಲ್ಲ ಒಳಗೆ ಎಳೆದುಕೊಂಡು, ಎರಡೂ ಗ್ಲೌಸು ಕೆನ್ನೆಗೆ ಒತ್ತಿ, ಸುಸ್ತಾದಾಗ ಎದುರಾಳಿಯನ್ನು ತಬ್ಬಿ ಹಿಡಿದು ಹೊತ್ತು ಕಳೆಯಬೇಕು. ಸೇಡಿಗೆ ಬಂದವನು ಅಂತರ ಮರೆತು ಮುನ್ನುಗ್ಗುತ್ತಾನೆ, ಎತ್ತರದಿಂದ ಬೀಸುತ್ತಾನೆ, ಬೀಸಿದ ಕೈ ವಾಪಸ್ ಬರುವಷ್ಟರಲ್ಲಿ ಗಲ್ಲ ತೆರೆದಿರುತ್ತದೆ. ಯಾರಿಗೋ ತೋರಿಸಬೇಕು ಅಂತ ಆಡುವವನ ಕಣ್ಣು ಎದುರಾಳಿಯ ಮೇಲಿರುವುದಿಲ್ಲ, ಸೀಟುಗಳ ಮೇಲಿರುತ್ತದೆ.

ತಪ್ಪಿತಸ್ಥ? ಅವನು ಕೈ ಇಳಿಬಿಡುತ್ತಾನೆ. ‘ರೇಜಿಂಗ್ ಬುಲ್’ (1980) ನೋಡಿ. ಅದರ ನಾಯಕ, ಬಾಕ್ಸರ್ ಜೇಕ್ ಲಮೋಟಾ ಹೆಂಡತಿಗೂ ತಮ್ಮನಿಗೂ ಹೊಡೆದಿದ್ದಾನೆ. ಆಮೇಲೊಮ್ಮೆ ತಮ್ಮನಿಗೆ ಫೋನ್ ಮಾಡಿ, ಮಾತೇ ಹೊರಡದೆ ನಿಂತುಬಿಡುತ್ತಾನೆ. ಅದಾದ ಮೇಲೆ ಬರುವುದು ಶುಗರ್ ರೇ ರಾಬಿನ್ಸನ್ ಎದುರಿನ 1951ರ ಪಂದ್ಯ, ಹದಿಮೂರನೇ ಸುತ್ತು. ಹಗ್ಗಕ್ಕೆ ಒರಗಿ, ಗ್ಲೌಸು ಕೆಳಗಿಟ್ಟು, ಬಾ ಹೊಡಿ ಅಂತ ಕರೆಯುತ್ತಾನೆ. ಫೋನಿನಲ್ಲಿ ಬಾರದ ಮಾತು ಅದು. ರಾಕಿ ಏಟು ತಿನ್ನುವುದು ನಿಂತಿರುವುದಕ್ಕೆ, ಇವನು ತಿನ್ನುವುದು ಶಿಕ್ಷೆಗೆ. ಇವೆರಡೂ ‘ಒಂದೇ ಕಥೆ’ ಅನ್ನುವವರು ಹೊಡೆಯುವವನನ್ನು ಮಾತ್ರ ನೋಡಿರುತ್ತಾರೆ.

ಸುತ್ತುಗಳ ನಡುವಿನ ಆ 60 ಸೆಕೆಂಡನ್ನೂ ಗಮನಿಸಿ. ಸ್ಟೂಲ್ ಇಡಬೇಕು, ಹಲ್ಲಿನ ಕವಚ ತೆಗೆದು ಬಾಯಿಗೆ ನೀರು ಹಾಕಬೇಕು, ಊದಿದ ಕಡೆ ತಣ್ಣಗಿನ ಲೋಹದ ಪಟ್ಟಿ ಒತ್ತಬೇಕು, ಸೀಳಿದ ಜಾಗಕ್ಕೆ ರಕ್ತ ನಿಲ್ಲಿಸುವ ಅಡ್ರಿನಲಿನ್ ಹತ್ತಿ, ಅದರ ಮೇಲೆ ವ್ಯಾಸಲೀನ್. ಮಾತಿಗೆ ಉಳಿಯುವುದು ಅಬ್ಬಬ್ಬಾ ಅಂದರೆ ಇಪ್ಪತ್ತು ಸೆಕೆಂಡು. ಕೋಚ್ ಭಾಷಣ ಶುರು ಮಾಡಿದರೆ ಬರೆದವರಿಗೆ ಆಟ ಗೊತ್ತಿಲ್ಲ ಅಂತಲೇ. ‘ಎಡಗೈ ಇಳೀತಿದೆ, ಎತ್ತು’ ಅಂದರೆ ಸಾಕು. ಅವನು ಕೇಳಿಸಿಕೊಳ್ಳುತ್ತಾನೋ, ಕೇಳಿಸಿಕೊಂಡೂ ಎತ್ತುವುದಿಲ್ಲವೋ ಅನ್ನುವುದರಲ್ಲಿ ಅವನಿಗೇನು ಬೇಕು ಅನ್ನುವುದು ಗೊತ್ತಾಗುತ್ತದೆ.

ಥಿಯೇಟರ್ ಯಾಕೆ ಅಂದರೆ, ಅಲ್ಲಿ ನಿಲ್ಲಿಸುವುದಕ್ಕೆ ಆಗುವುದಿಲ್ಲ. ಅವನಿಗೆ ತಪ್ಪಿಸಿಕೊಳ್ಳಲಾಗದ ಮೂರು ನಿಮಿಷ ನಮಗೂ ತಪ್ಪಿಸಿಕೊಳ್ಳಲಾಗದು. ಲಮೋಟಾ ಹಗ್ಗಕ್ಕೆ ಒರಗಿದಾಗ ಸದ್ದೆಲ್ಲ ಅಡಗಿ ಉಸಿರು ಮಾತ್ರ ಕೇಳುವ ಹೊತ್ತಿದೆಯಲ್ಲ, ಮನೆಯಲ್ಲಿ ಅಷ್ಟರಲ್ಲಿ ಯಾರೋ ವಾಲ್ಯೂಮ್ ಏರಿಸಿರುತ್ತಾರೆ. ಕತ್ತಲಲ್ಲಿ ಇನ್ನೂರು ಜನ ಒಟ್ಟಿಗೆ ಉಸಿರು ಹಿಡಿದಾಗ ಅದು ಹಾಗೇ ಉಳಿಯುತ್ತದೆ.

ಅಲ್ಲಿ ನಾವು ಏನಾಗುತ್ತೇವೆ ಅಂತ ತೋರಿಸಿದ ಸಿನಿಮಾನೂ ಇದೆ: ‘ದಿ ಸೆಟ್-ಅಪ್’ (1949). 72 ನಿಮಿಷದ ಚಿತ್ರ, ಕಥೆ ನಡೆಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಪ್ರೇಕ್ಷಕರ ಸಾಲಿನಲ್ಲಿ ಒಬ್ಬ ಒಂದೇ ಸಮನೆ ತಿನ್ನುತ್ತಿದ್ದಾನೆ. ಕಣ್ಣು ಕಾಣದ ಇನ್ನೊಬ್ಬ ಪಕ್ಕದವನಿಂದ ಪಂದ್ಯದ ವಿವರ ಕೇಳಿಕೊಂಡು, ಕಣ್ಣಿಗೇ ಹೊಡಿ ಅಂತ ಕೂಗುತ್ತಾನೆ. ರಿಂಗಿನಲ್ಲಿರುವ 35ರ ಸ್ಟೋಕರ್‌ನನ್ನು ಅವನ ಮ್ಯಾನೇಜರ್ 50 ಡಾಲರಿಗೆ ಸೋಲಲು ಮಾರಿದ್ದಾನೆ, ಹೇಗೂ ಸೋಲುತ್ತಾನಲ್ಲ ಅಂದುಕೊಂಡು ಆ ವಿಷಯ ಅವನಿಗೆ ತಿಳಿಸಿಯೂ ಇಲ್ಲ. ಸ್ಟೋಕರ್ ನೋಡುತ್ತಿರುವುದು ಹೆಂಡತಿ ಬಾರದ ಖಾಲಿ ಸೀಟನ್ನು. ಪಂದ್ಯದ ನಡುವೆ ಒಪ್ಪಂದದ ವಿಷಯ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಆಡುತ್ತಾನೆ.

ಹೌದು, ಇದರಲ್ಲಿ ಕೊನೆಗೆ ಅವನೇ ಗೆಲ್ಲುತ್ತಾನೆ. ಗೆದ್ದನಲ್ಲ ಅಂತಲೇ ಹೊರಗೆ ಓಣಿಯಲ್ಲಿ ಹಿಡಿದು ಅವನ ಕೈ ಜಜ್ಜುತ್ತಾರೆ.