ಪೂರ್ವದ ಸೈಟೇ ಬೇಕಾ?

"ಸರ್, ಪಶ್ಚಿಮದ ಸೈಟು ಒಂದು ಬಂದಿದೆ. ರೇಟು ಸ್ವಲ್ಪ ಕಡಿಮೆ ಹೇಳ್ತಿದಾರೆ. ತಗೋಬಹುದಾ, ಇಲ್ಲಾ ಪೂರ್ವದ್ದು ಸಿಗೋವರೆಗೂ ಕಾಯೋದಾ?"

ಮನೆಗಳಿಗೆ ಪ್ಲಾನ್ ಹಾಕುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನಗೆ ಫೋನಿನಲ್ಲೂ ಬರುತ್ತದೆ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಬರುತ್ತದೆ. ಮುಂದಿನ ರಸ್ತೆ ಯಾವ ದಿಕ್ಕಿಗಿದೆಯೋ ಅದೇ ಸೈಟಿನ ದಿಕ್ಕು. ದಕ್ಷಿಣದ ಸೈಟಾದರೆ ಕೇಳುವವರ ದನಿ ಇನ್ನೂ ತಗ್ಗುತ್ತದೆ. ಜೀವಮಾನದ ಉಳಿತಾಯ ಹಾಕಿ ಮನೆ ಕಟ್ಟುವವರಿಗೆ ವಾಸ್ತುವಿನ ಈ ಭಯ ಇರುವುದು ಸಹಜ. ಒಂದೊಂದೇ ಮಾತಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ ಅಂತ ಉತ್ತರವನ್ನು ಪೂರ್ತಿ ಬರೆಯುತ್ತಿದ್ದೇನೆ.

ಕಾಗದಪತ್ರ ಸರಿಯಿದ್ದು, ನೀರು, ರಸ್ತೆ, ಚರಂಡಿ ಸರಿಯಿದ್ದರೆ ತಗೊಳ್ಳಿ. ಬರೀ ದಿಕ್ಕಿನ ಕಾರಣಕ್ಕೆ ಒಳ್ಳೆಯ ಸೈಟು ಬಿಡಬೇಡಿ. ಆದರೆ ಪ್ಲಾನ್ ಹಾಕಿಸುವಾಗ ಒಂದು ಪ್ರಶ್ನೆ ಕೇಳಿ: ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಬಿಸಿಲು ಯಾವ ಗೋಡೆಗೆ ಹೊಡೆಯುತ್ತದೆ, ಆ ಗೋಡೆಯ ಹಿಂದೆ ಯಾರು ಮಲಗುತ್ತಾರೆ? ಮನೆ ತಂಪಾಗಿರುತ್ತಾ ಇಲ್ವಾ ಅನ್ನೋದು ಹೆಚ್ಚಾಗಿ ಇದರ ಮೇಲೆಯೇ ನಿಂತಿದೆ.

ಸೂರ್ಯನ ಲೆಕ್ಕ ಸ್ವಲ್ಪ ನೋಡೋಣ. ಬೆಂಗಳೂರು, ಹಾಸನ, ತುಮಕೂರು, ಮಂಗಳೂರು ಹೆಚ್ಚು ಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಆಸುಪಾಸಿನಲ್ಲಿ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ಕಂಬ ನೆಟ್ಟರೆ ನೆರಳೇ ಬೀಳುವುದಿಲ್ಲ. ಜೂನ್‌ನಲ್ಲಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿದರೂ ಮಧ್ಯಾಹ್ನ ಸುಮಾರು 54 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಅಂದರೆ ದಕ್ಷಿಣದ ಗೋಡೆಗೆ ಬೀಳುವುದು ಮೇಲಿನಿಂದ ಇಳಿಯುವ ಬಿಸಿಲು. ಅದನ್ನು ತಡೆಯಲು ಕಿಟಕಿಯ ಮೇಲೆ ಹೊರಕ್ಕೆ ಚಾಚಿದ ಒಂದು ಸಜ್ಜಾ ಸಾಕು. ಮಾರ್ಚ್ ಮೂರನೇ ವಾರದ ಮಧ್ಯಾಹ್ನ ಒಂದೂವರೆ ಅಡಿ ಸಜ್ಜಾದ ನೆರಳು ಆರಡಿಗಿಂತ ಕೆಳಗೆ ಇಳಿಯುತ್ತದೆ. ನಾಲ್ಕಡಿ ಕಿಟಕಿ ಪೂರ್ತಿ ನೆರಳಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಅದೇ ಸಜ್ಜಾ ಕಿಟಕಿಯ ಮೇಲಿನ ಎರಡಡಿ ಮಾತ್ರ ಮುಚ್ಚುತ್ತದೆ. ಕೆಳಗಿನ ಅರ್ಧದಿಂದ ಬಿಸಿಲು ಒಳಗೆ ಬಂದು ನೆಲ ಬೆಚ್ಚಗಾಗುತ್ತದೆ. ಚಳಿಗಾಲದಲ್ಲಿ ಬೇಕಾಗಿರೋದೂ ಅದೇ ಅಲ್ವಾ?

ಪಶ್ಚಿಮದಲ್ಲಿ ಈ ಸಜ್ಜಾ ಕೆಲಸಕ್ಕೆ ಬರೋದಿಲ್ಲ. ಅದೇ ಮಾರ್ಚ್ ತಿಂಗಳಲ್ಲಿ ಸಂಜೆ ಐದಕ್ಕೆ ಸೂರ್ಯ 20 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಒಂದೂವರೆ ಅಡಿ ಸಜ್ಜಾ ಆಗ ಕೊಡುವ ನೆರಳು ಬರೀ ಅರ್ಧ ಅಡಿ. ಉಳಿದ ಮೂರೂವರೆ ಅಡಿ ಗಾಜಿನ ಮೂಲಕ ಬಿಸಿಲು ನೇರವಾಗಿ ಒಳಗಿನ ಗೋಡೆಯವರೆಗೂ ಬರುತ್ತದೆ. ಪೂರ್ವದಲ್ಲೂ ಬೆಳಗ್ಗೆ ಇದೇ ಕೋನ, ನಿಜ. ಆದರೆ ಆಗ ಗೋಡೆ, ಗಾಳಿ, ನೆಲ ಎಲ್ಲವೂ ರಾತ್ರಿಯ ತಂಪಿನಲ್ಲೇ ಇರುತ್ತವೆ. ಸಂಜೆಯ ಹೊತ್ತಿಗೆ ಇಡೀ ಮನೆ ಕಾದಿರುತ್ತದೆ. ಅದರ ಮೇಲೆ ಪಶ್ಚಿಮದ ಗೋಡೆ ಇನ್ನಷ್ಟು ಬಿಸಿ ಕುಡಿದು, ನಾವು ಮಲಗುವ ಹೊತ್ತಿಗೆ ಅದನ್ನು ಒಳಗೆ ಬಿಡುತ್ತದೆ.

ಈಗ ಎಲ್ಲರೂ ಹಂಬಲಿಸುವ ಪೂರ್ವದ ಸೈಟನ್ನು ನೋಡಿ. ಮೂವತ್ತು ನಲವತ್ತು, ಅಂದರೆ ಮೂವತ್ತು ಅಡಿಗೆ ನಲವತ್ತು ಅಡಿ ಅಂದುಕೊಳ್ಳೋಣ. ಮುಂದೆ ಪೂರ್ವಕ್ಕೆ ಹಾಲ್, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ದೇವರ ಮನೆ. ಹಿಂದೆ ನೈಋತ್ಯಕ್ಕೆ ದೊಡ್ಡ ಬೆಡ್‌ರೂಮು, ವಾಯವ್ಯಕ್ಕೆ ಮಕ್ಕಳ ಬೆಡ್‌ರೂಮು. ಹತ್ತರಲ್ಲಿ ಎಂಟು ಮನೆ ಹೀಗೇ ಇರುತ್ತವೆ. ಪೂರ್ವಕ್ಕೆ ಮುಖ ಅಂದರೆ ಹಿಂಗೋಡೆ ಪಶ್ಚಿಮ. ಮಲಗುವ ಎರಡೂ ಕೋಣೆಗಳು ಆ ಗೋಡೆಗೇ ಅಂಟಿಕೊಂಡಿವೆ! ಕೆಳಗಿನ ಮಹಡಿಗೆ ಹಿಂದಿನ ಮನೆಯ ನೆರಳು ಸಿಗಬಹುದು. ಮೊದಲ ಮಹಡಿಗೆ ಅದೂ ಇಲ್ಲ, ಮೇಲೆ ಕಾದ ತಾರಸಿ ಬೇರೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಇಂಥ ಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿ, ನಾನು ಹೇಳುವುದು ಗೊತ್ತಾಗುತ್ತದೆ. ಜಾಸ್ತಿ ದುಡ್ಡು ಕೊಟ್ಟು ಪೂರ್ವದ ಸೈಟು ತಗೊಂಡು, ಕೊನೆಗೆ ಮಲಗುವ ಕೋಣೆಗೆ ಎಸಿ ಹಾಕಿಸುತ್ತಾರೆ. ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ ಇದು.

ಪಶ್ಚಿಮದ ಸೈಟಿನಲ್ಲಿ ಆ ಬಿಸಿಲು ರಸ್ತೆ ಕಡೆಯ ಗೋಡೆಗೆ ಬೀಳುತ್ತದೆ. ಅಲ್ಲಿ ನಾವು ಯಾರನ್ನೂ ಮಲಗಿಸಬೇಕಾಗಿಲ್ಲ. ನಾನು ಸಾಮಾನ್ಯವಾಗಿ ಹೀಗೆ ಹಾಕುತ್ತೇನೆ. ವಾಯವ್ಯಕ್ಕೆ ಕಾರು ನಿಲ್ಲುವ ಪೋರ್ಟಿಕೋ. ನೈಋತ್ಯಕ್ಕೆ ಮೆಟ್ಟಿಲು, ಅದರ ಕೆಳಗೆ ಸ್ಟೋರು. ಪೋರ್ಟಿಕೋದ ನೆರಳಿನಲ್ಲಿ ಮುಂಬಾಗಿಲು. ಬಿಸಿಲಿನ ಹೊಡೆತವೆಲ್ಲ ಈ ಮುಂದಿನ ಹತ್ತು ಹನ್ನೆರಡು ಅಡಿ ಜಾಗಕ್ಕೇ ನಿಂತುಬಿಡುತ್ತದೆ. ಒಳಗೆ ಬಂದರೆ ಉತ್ತರದ ಕಡೆಗೆ ಹಾಲ್, ದಕ್ಷಿಣದ ಕಡೆಗೆ ಮೆಟ್ಟಿಲಿಗೆ ಬೆನ್ನು ಕೊಟ್ಟು ಬೆಡ್‌ರೂಮು. ಹಿಂದೆ ಆಗ್ನೇಯಕ್ಕೆ ಅಡುಗೆಮನೆ, ಪಕ್ಕದಲ್ಲಿ ಯುಟಿಲಿಟಿ, ಈಶಾನ್ಯಕ್ಕೆ ದೇವರ ಮನೆ. ಬೆಳಗಿನ ಎಳೆಬಿಸಿಲು ನೇರವಾಗಿ ಅಡುಗೆಕಟ್ಟೆಯ ಮೇಲೆ ಬರುತ್ತದೆ, ದೇವರ ಮನೆಯ ಕಿಟಕಿಗೂ ಬರುತ್ತದೆ. ಮೇಲಿನ ಮಹಡಿಯಲ್ಲಿ ಬೆಡ್‌ರೂಮುಗಳು ಪೂರ್ವಕ್ಕೆ, ಬಾಲ್ಕನಿ ಮತ್ತು ಬಾತ್‌ರೂಮು ಪಶ್ಚಿಮಕ್ಕೆ. ಬಾತ್‌ರೂಮಿನ ಗೋಡೆಗೆ ಸಂಜೆ ಬಿಸಿಲು ಬಿದ್ದರೆ ಒಳ್ಳೆಯದೇ, ಬೇಗ ಒಣಗುತ್ತದೆ. ವಾಸ್ತು ನೋಡುವವರೂ ಈ ಪ್ಲಾನಿಗೆ ಅಡ್ಡಿ ಹೇಳಿದ್ದು ಕಡಿಮೆ.

ಇನ್ನು ಎಲ್ಲರೂ ಹೆದರುವ ದಕ್ಷಿಣ. ಲೇಔಟಿನಲ್ಲಿ ಮನೆಗಳು ಒತ್ತೊತ್ತಾಗಿ ಬರುತ್ತವೆ. ದಕ್ಷಿಣಕ್ಕೆ ರಸ್ತೆ ಇದ್ದರೆ ನಿಮ್ಮ ಪಶ್ಚಿಮಕ್ಕೆ ಪಕ್ಕದವರ ಮನೆ ಇರುತ್ತದೆ. ಅವರು ಎರಡು ಮಹಡಿ ಕಟ್ಟಿದರು ಅಂದರೆ ನಿಮ್ಮ ಪಶ್ಚಿಮದ ಗೋಡೆಗೆ ಬಿಸಿಲಿನ ಕಾಟ ಬಹುಪಾಲು ತಪ್ಪಿತು. ಮುಂದಿನ ದಕ್ಷಿಣದ ಗೋಡೆಯನ್ನು ಸಜ್ಜಾ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಜಗುಲಿ ಮೇಲೆ ದಿನವಿಡೀ ಹಿತವಾದ ಬಿಸಿಲು. ಬಿಸಿಲಿನ ಲೆಕ್ಕದಲ್ಲಿ ಹೇಳುವುದಾದರೆ ಒತ್ತಾದ ಲೇಔಟಿನಲ್ಲಿ ದಕ್ಷಿಣದ ಸೈಟೇ ನನಗೆ ಹೆಚ್ಚು ಇಷ್ಟ. ಉತ್ತರದ ಸೈಟಿಗೂ ಪಶ್ಚಿಮದ ನೆರಳಿನ ಇದೇ ಲಾಭ ಇದೆ. ಮುಂದಿನ ಕೋಣೆಗಳಿಗೆ ಕಣ್ಣು ಕುಕ್ಕದ ಬೆಳಕು ಸಿಗುತ್ತದೆ.

ಆದರೆ ಪಕ್ಕದ ಮನೆ ಬಿಸಿಲನ್ನು ತಡೆದ ಹಾಗೆ ಬೆಳಕನ್ನೂ ತಡೆಯುತ್ತದೆ. ಪಕ್ಕದ ಸೈಟು ಖಾಲಿ ಇದೆ ಅಂತ ಆ ಕಡೆಯ ಕಿಟಕಿ ನಂಬಿಕೊಂಡು ಪ್ಲಾನ್ ಹಾಕಿಸಬೇಡಿ. ನೀವು ಮೂರಡಿ ಬಿಟ್ಟು, ಅವರು ಮೂರಡಿ ಬಿಟ್ಟರೆ ನಡುವೆ ಉಳಿಯುವುದು ಆರಡಿ ಸಂದು. ಅಲ್ಲಿಂದ ಕೆಳಮಹಡಿಗೆ ಗಾಳಿ ಬರಬಹುದು, ಬೆಳಕು ಬರೋದು ಕಷ್ಟ. ಹಗಲಲ್ಲೇ ಲೈಟ್ ಹಾಕಿಕೊಂಡು ಊಟ ಮಾಡುವ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಇದಕ್ಕೆ ನಮ್ಮ ಹಿರಿಯರ ತೊಟ್ಟಿಮನೆಯಲ್ಲೇ ಉತ್ತರ ಇತ್ತು. ಈಗ ದೊಡ್ಡ ತೊಟ್ಟಿ ಬಿಡಲು ಜಾಗ ಇಲ್ಲ, ಒಪ್ಪುತ್ತೇನೆ. ಮನೆಯ ನಡುವೆ ನಾಲ್ಕಡಿಗೆ ನಾಲ್ಕಡಿ ಜಾಗವನ್ನಾದರೂ ತಾರಸಿವರೆಗೆ ತೆರೆದಿಡಿ. ಮೇಲೆ ಗಾಜು ಹಾಕಿ, ಗಾಜಿನ ಕೆಳಗೆ ಸುತ್ತಲೂ ಜಾಲರಿಯ ವೆಂಟಿಲೇಟರ್ ಬಿಡಿ. ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ, ಕೆಳಗಿನ ಕಿಟಕಿಗಳಿಂದ ತಂಪುಗಾಳಿ ಒಳಗೆ ಬರುತ್ತದೆ. ವೆಂಟಿಲೇಟರ್ ಬಿಡದೆ ಗಾಜಿನಿಂದ ಪೂರ್ತಿ ಮುಚ್ಚಿಬಿಟ್ಟರೆ ಮಾತ್ರ ಬಿಸಿ ಹೊರಗೆ ಹೋಗದೆ ಮೇಲಿನ ಮಹಡಿ ಕುದಿಯುತ್ತದೆ. ತಾರಸಿಯಲ್ಲಿ ಮೆಟ್ಟಿಲ ಮೇಲೆ ಕಟ್ಟುವ ಸಣ್ಣ ಕೋಣೆ, ಅಂದರೆ ಹೆಡ್‌ರೂಮಿನಲ್ಲೂ ಇದನ್ನೇ ಮಾಡಬಹುದು, ಜಾಗವೂ ಉಳಿಯುತ್ತದೆ.

ವಾಸ್ತುವಿನ ಮಾತು ಬಿಟ್ಟರೆ ಉತ್ತರ ಪೂರ್ತಿ ಆಗೋದಿಲ್ಲ. ಮನೆಯ ಹಿರಿಯರ ಮನಸ್ಸಿಗೆ ಸಮಾಧಾನ ಇಲ್ಲದ ಮನೆ ಕಟ್ಟಬಾರದು ಅಂತ ನಾನು ನಂಬಿದ್ದೇನೆ. ಒಂದು ವಿಷಯ ತಿಳಿದಿರಲಿ. ಶಾಸ್ತ್ರ ಯಾವ ದಿಕ್ಕಿನ ಬಾಗಿಲನ್ನೂ ಪೂರ್ತಿ ಬೇಡ ಅಂದಿಲ್ಲ. ಪ್ರತಿ ದಿಕ್ಕಿನ ಗೋಡೆಯನ್ನೂ ಭಾಗ ಮಾಡಿ, ನಾಲ್ಕೂ ಕಡೆ ಬಾಗಿಲಿಗೆ ಒಳ್ಳೆಯ ಜಾಗ ಹೇಳಿದೆ. ಆಯ ನೋಡಿಸುವವರು ಅದನ್ನು ಪ್ಲಾನ್ ಹಾಕಿಸುವ ಮೊದಲೇ ನೋಡಿಸಿ. ಉದ್ದ ಅಗಲ ಗುಣಿಸಿ, ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜಾಯ, ಮೂರಕ್ಕೆ ಸಿಂಹಾಯ, ಐದಕ್ಕೆ ವೃಷಭಾಯ, ಏಳಕ್ಕೆ ಗಜಾಯ, ಈ ನಾಲ್ಕು ಒಳ್ಳೆಯವು. 24 ಅಡಿಗೆ 33 ಅಡಿ ಮನೆಯಾದರೆ ಶೇಷ ಸೊನ್ನೆ. ಅಗಲ 23 ಅಡಿ ಮಾಡಿ, ಶೇಷ ಏಳು, ಗಜಾಯ ಬಂತು. ಪ್ಲಾನ್ ಹಾಕುವ ಮುಂಚೆ ಈ ಒಂದಡಿ ದೊಡ್ಡದಲ್ಲ, ಸುಲಭವಾಗಿ ಹೊಂದಿಸಬಹುದು. ಎಲ್ಲ ಮುಗಿದ ಮೇಲೆ ಬಂದು "ಆಯ ಕೂಡ್ತಿಲ್ಲ, ಒಂದಡಿ ತೆಗೀರಿ" ಅಂದರೆ ಆ ಒಂದಡಿ ಹೋಗುವುದು ಬಾತ್‌ರೂಮಿನಿಂದ ಅಥವಾ ಮೆಟ್ಟಿಲಿನಿಂದ. ಮೆಟ್ಟಿಲು ಕಡಿದಾಗುತ್ತದೆ. ಆಮೇಲೆ ಮಂಡಿ ನೋವಿನ ಅಮ್ಮ ತಾರಸಿಗೆ ಹತ್ತೋದೇ ಇಲ್ಲ. ಮೆಟ್ಟಿಲಿಗೆ ಆರಿಂಚು ಎತ್ತರ, ಹತ್ತಿಂಚು ಅಗಲ ಇರಲಿ. ಇದರಲ್ಲಿ ಚೌಕಾಸಿ ಬೇಡ.

ಇಷ್ಟು ಹೇಳಿದ್ದು ಬೆಂಗಳೂರು, ಮೈಸೂರು, ತುಮಕೂರಿನಂಥ ಬಯಲುಸೀಮೆ ಊರುಗಳಿಗೆ. ಕರಾವಳಿ, ಮಲೆನಾಡಿನಲ್ಲಿ ಬಿಸಿಲಿಗಿಂತ ಮಳೆಯ ಯೋಚನೆ ಮೊದಲು. ಮುಂಗಾರು ನೈಋತ್ಯ, ಪಶ್ಚಿಮದಿಂದ ಬಡಿಯುತ್ತದೆ. ಆ ಕಡೆಯ ಗೋಡೆಗೆ ಎರಚಲು ಹೊಡೆಯದ ಹಾಗೆ ಸೂರು ಉದ್ದವಾಗಿ ಇಳಿಯಬೇಕು. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ಸುಮ್ನೆ ಅಲ್ಲ. ರಾಯಚೂರು, ಕಲಬುರಗಿ ಕಡೆ ದಪ್ಪ ಗೋಡೆ, ಚಿಕ್ಕ ಕಿಟಕಿಯ ಮಾಳಿಗೆ ಮನೆಗಳಿಗೆ ಮೇಲಿನಿಂದ ಬೆಳಕಿಂಡಿ ಬಿಡುತ್ತಿದ್ದರು. ಆ ಊರುಗಳಲ್ಲಿ ಹೊಸ ಮನೆಯ ಮುಂಭಾಗಕ್ಕೆ ಗಾಜು ಹಾಕಿಸುವವರನ್ನು ಕಂಡರೆ ಕೈಮುಗಿದು ಬೇಡ ಅನ್ನುತ್ತೇನೆ.

ಸೈಟು ತಗೊಂಡಾಯಿತು, ಮುಂದೇನು? ಎಂಜಿನಿಯರ್ ಹತ್ತಿರ ಹೋಗುವ ಮೊದಲು ಸಂಜೆ ನಾಲ್ಕು ಗಂಟೆಗೆ ಸೈಟಿನಲ್ಲಿ ನಿಂತು ನೋಡಿ. ಫೋನಿನ ದಿಕ್ಸೂಚಿ ಸಾಕು. ನಮ್ಮ ಕಡೆ ಅದು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ತೀರಾ ಕಡಿಮೆ. ಕಾರಿನ ಪಕ್ಕ, ಕಂಬಿ ರಾಶಿಯ ಪಕ್ಕ ಮಾತ್ರ ನಿಲ್ಲಬೇಡಿ. ಬಿಸಿಲು ಎಲ್ಲಿಂದ ಬರುತ್ತಿದೆ, ಪಕ್ಕದ ಮನೆಯ ನೆರಳು ಎಲ್ಲಿಯವರೆಗೆ ಬಿದ್ದಿದೆ, ಬೀದಿಯ ಮರ ಯಾವ ಕಡೆ ಇದೆ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಶ್ಚಿಮಕ್ಕೆ ಹೊಂಗೆ ಮರ ಇದ್ದರೆ ನಿಮ್ಮ ಅದೃಷ್ಟ, ಕಡಿಸಬೇಡಿ.

ಪ್ಲಾನ್ ಕೈಗೆ ಬಂದಾಗ ಕೋಣೆಯ ಅಳತೆ ಓದಿ ತೃಪ್ತಿಪಡಬೇಡಿ. ಮಂಚ, ಬೀರು, ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲವನ್ನೂ ಅದೇ ಅಳತೆಯಲ್ಲಿ ಬರೆದು ತೋರಿಸಲು ಹೇಳಿ. ಹತ್ತಕ್ಕೆ ಹತ್ತರ ಕೋಣೆಯಲ್ಲಿ ಆರಡಿ ಅಗಲದ ಮಂಚ ಹಾಕಿದರೆ ಎರಡೂ ಬದಿ ಉಳಿಯುವುದು ಎರಡೆರಡು ಅಡಿ. ಅಲ್ಲಿ ಎರಡಡಿ ಬೀರು ಇಟ್ಟರೆ ಮಂಚ ಇನ್ನೊಂದು ಗೋಡೆಗೆ ಒತ್ತಿಕೊಂಡೇ ಇರಬೇಕು. ಇದು ಹಾಳೆಯ ಮೇಲೆ ಗೊತ್ತಾದರೆ ಅಳಿಸಿ ಬರೆಯಬಹುದು. ಮನೆಯಲ್ಲಿ ವಯಸ್ಸಾದವರು ಇದ್ದರೆ, ಮುಂದೆ ನಮಗೂ ವಯಸ್ಸಾಗುತ್ತದಲ್ಲ, ಕೆಳಮಹಡಿಯಲ್ಲಿ ಒಂದು ಬೆಡ್‌ರೂಮು ಇರಲೇಬೇಕು. ಅದರ ಬಾತ್‌ರೂಮಿನ ಬಾಗಿಲಿಗೆ ಎಲ್ಲರೂ ಎರಡೂವರೆ ಅಡಿ ಇಡುತ್ತಾರೆ. ನೀವು ಮೂರಡಿ ಇಡಿಸಿ, ಗಾಲಿಕುರ್ಚಿ ಒಳಗೆ ಹೋಗುತ್ತದೆ.

ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಹೊಸ ಮನೆ ಕಟ್ಟಿದರೆ ಮಳೆನೀರು ಕೊಯ್ಲು ಕಡ್ಡಾಯ. ಕಡ್ಡಾಯ ಇಲ್ಲದ ಊರಿನಲ್ಲೂ ಮಾಡಿಸಿ. ನೂರು ಚದರ ಮೀಟರ್ ತಾರಸಿಯ ಮೇಲೆ 900 ಮಿಲಿಮೀಟರ್ ಮಳೆ ಬಿದ್ದರೆ 90,000 ಲೀಟರ್ ನೀರು. ಸಂಪು ಎಲ್ಲಿ, ತಾರಸಿಯ ಪೈಪು ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಪಾಯ ತೋಡುವ ಮೊದಲೇ ಪ್ಲಾನಿನಲ್ಲಿ ಗುರುತು ಹಾಕಿಸಿ. ಸುತ್ತ ಎಷ್ಟು ಜಾಗ ಬಿಡಬೇಕು ಅನ್ನೋದು ಊರಿಂದ ಊರಿಗೆ ಬೇರೆ. ಅದನ್ನು ನಿಮ್ಮ ನಗರಸಭೆ ಅಥವಾ ಪಂಚಾಯಿತಿಯಲ್ಲಿ ಕೇಳಿ, ಲಿಖಿತವಾಗಿ ಇಟ್ಟುಕೊಂಡೇ ಪ್ಲಾನ್ ಶುರು ಮಾಡಿಸಿ.